ಗೆರೆಯ ಮೇಲಿನ ಹೊಸ್ತಿಲು

ಬಸವಕಲ್ಯಾಣದ ಕಡೆಯ ಕೊಹಿನೂರ ಹಳ್ಳಿಯಿಂದ ಹುಮನಾಬಾದಿಗೆ ಸೊಸೆಯಾಗಿ ಬಂದ ಶೇವಂತಾಬಾಯಿಗೆ ಮೊದಲು ಜಗಳ ಬಿದ್ದದ್ದು ಅತ್ತೆಯ ಕೂಡ ಅಲ್ಲ, ಮನೆ ಹಿಂದಿನ ನಾಲಾದ ಕೂಡ. ಬೇಸಿಗೆಯಲ್ಲಿ ಆಡು ಕೂಡ ಮೂಸದ ಆ ಕೊಳಕು ಹಳ್ಳ ಮಳೆಗಾಲದಲ್ಲಿ ಕೇಳದೆ ಕರೆಯದೆ ಒಲೆಯತನಕ ಬಂದುಬಿಡುತ್ತಿತ್ತು. ಬಂದಷ್ಟು ಸಲ ಅವಳು ನೀರು ಬಳಿದು ಹೊರಗೆ ಚೆಲ್ಲಿದಳು. ಊರವರ ಮನೆಗಳಿಗೆ ಕಲ್ಲುಮಣ್ಣು ಹೊತ್ತು ಮಗಳು ಸುಜಾತಾಳನ್ನು ಬೆಳೆಸಿದಳು.

೧೯೯೮ರ ಮಳೆಗೆ ಹಿತ್ತಲ ಗೋಡೆಯೇ ಮಲಗಿತು. ನೀರಿಳಿದ ಮೇಲೆ ಪುರಸಭೆಯವರು ಬಣ್ಣದ ಡಬ್ಬಿ ಹಿಡಿದು ಬಂದರು. ನೆರೆ ಮುಟ್ಟಿದ ಗುರುತೆಂದು ಓಣಿಯ ಗೋಡೆಗಳ ಮೇಲೆ ಸೊಂಟದೆತ್ತರಕ್ಕೆ ಕೆಂಪು ಗೆರೆ ಎಳೆದರು. ಅಧಿಕಾರಿ ಸಂಜೀವಕುಮಾರ ಸಾಹೇಬರು ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಗೆರಿ ಕೆಳಗ ಯಾರೂ ಮನಿ ಕಟ್ಟಂಗಿಲ್ಲ. ಮನಿ ಬಿದ್ದೋರು ಮುಂದಿನ ಮಳಿಗಾಲದೊಳಗ ಊರ ಹೊರಗಿನ ಗುಡ್ಡಕ್ಕ ಹೋಗಬೇಕು."

ಗುಡ್ಡದ ಮೇಲೆ ಕುಡಿಯಲು ನೀರಿಲ್ಲ, ದುಡಿಯಲು ಕೂಲಿಯಿಲ್ಲ. ಇತ್ತ ಆ ಗೆರೆಯೋ, ಓಣಿಯುದ್ದಕ್ಕೂ ಓಡಿಬಂದು, ನಾಲಾದ ದಂಡೆಯಲ್ಲೇ ಏಳುತ್ತಿದ್ದ ಹೊಸ ಕಾಂಪ್ಲೆಕ್ಸಿನ ಮುಂದೆ ಗಪ್ಪನೆ ನಿಂತುಬಿಟ್ಟಿತ್ತು.

"ಯಾಕ್ರಿ ಸಾಹೇಬ್ರ, ನೀರಿಗೆ ಅಲ್ಲಿ ಹೋಗಾಕ ನಾಚಿಕಿ ಬರ್ತದೇನ್ರಿ?" ಎಂದಳು ಶೇವಂತಾಬಾಯಿ.

ಸಾಹೇಬರು ಡಬ್ಬಿ ಮುಚ್ಚಿಸಿದರು.

"ಸರಕಾರದ ಗೆರಿ ಅದ. ಸುಮ್ನ ಕೂಡು," ಎಂದ ಗಂಡ ಉತ್ತಮ.

"ಗೆರಿ ಸರಕಾರದ್ದು. ಗ್ವಾಡಿ ನಂದು."

ಸಾಹೇಬರ ಒಂದು ಮಾತು ಅವಳ ಕಿವಿಯಲ್ಲಿ ಕೂತಿತ್ತು: ಗೆರಿ ಕೆಳಗ. ಕೆಳಗೆ ತಾನೆ? ಬೇಸಿಗೆ ಬಂದದ್ದೇ, ಬಿದ್ದ ಗೋಡೆಯ ಕಲ್ಲುಗಳನ್ನು ಮನೆಯ ಸುತ್ತ ಗೆರೆಯೆತ್ತರಕ್ಕೆ ಜೋಡಿಸಿದಳು. ಕಾಂಪ್ಲೆಕ್ಸಿನವರು ಪಾಯ ತೋಡಿ ಬೀದಿಗೆ ಸುರಿದಿದ್ದ ಮುರುಮು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ಒಳಗೆ ತುಂಬಿ ಬಡಿದಳು. ಬೈಯುತ್ತ ಬೈಯುತ್ತಲೇ ಉತ್ತಮನೂ ಬುಟ್ಟಿ ಎತ್ತಿದ.

ಕೋಟೆಯಂತೆ ಏಳುತ್ತಿದ್ದ ಕಟ್ಟೆ ನೋಡಿ ಪಕ್ಕದ ಮನೆಯ ಆಮಿನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಅರೇ ಶೇವಂತಾ, ಬಸವಕಲ್ಯಾಣದಾಗ ಒಂದು ಕಿಲ್ಲಾ ಅದಲ್ಲ, ಸಾಕಾಗಲಿಲ್ಲೇನು?"

"ನಗು, ನಗು. ನೀರು ಬಂದಾಗ ಕೋಳಿ ಹಿಡಕೊಂಡು ಇಲ್ಲಿಗೇ ಬರ್ತಿ."

ನೆಲ ಏರಿತು, ಚಾವಣಿಯ ತಗಡೂ ಏರಿತು. ಹೊಸ್ತಿಲನ್ನು ಕೆಂಪು ಗೆರೆಯ ಮೇಲೇ ಕೂರಿಸಿ, ಮುಂದೆ ಮೆಟ್ಟಿಲು ಇಳಿಸಿದಳು.

ಆ ಸಲದ ಮಳೆಗೆ ನಾಲಾ ಕಾಂಪ್ಲೆಕ್ಸಿನ ಗೋಡೆಗೆ ಬಡಿದು ಇಡಿಯಾಗಿ ಓಣಿಗೆ ಹೊರಳಿತು. ಆಮಿನಾ ಕೋಳಿಬುಟ್ಟಿ ತಲೆಯ ಮೇಲಿಟ್ಟುಕೊಂಡು ಓಡಿಬಂದಳು, ಹಿಂದೆ ಅರ್ಧ ಓಣಿ. ನೀರು ಮೆಟ್ಟಿಲು ಹತ್ತಿತು, ಹೊಸ್ತಿಲು ದಾಟಿ ಒಂದಿಷ್ಟು ಒಳಗೂ ಇಣುಕಿತು. ಆದರೆ ಒಲೆ ಆರಲಿಲ್ಲ. ಅಷ್ಟೂ ಜನ ಅದೇ ಒಲೆಯ ಚಹಾ ಕುಡಿದರು.

ಕೆಸರು ಒಣಗುವ ಮೊದಲೇ ಸಾಹೇಬರು ಬಂದು ಮೆಟ್ಟಿಲು ಹತ್ತಿದರು. "ಬಾಯಿ, ಇದನ್ನ ಕೆಡವಬೇಕಾಗ್ತದ. ಗೆರಿ ಕೆಳಗ ಮನಿ ಕಟ್ಟೀರಿ."

"ಕೆಳಗಿರೋದು ಮನಿ ಅಲ್ರಿ, ಬರೇ ಕಲ್ಲುಮಣ್ಣಿನ ಕಟ್ಟಿ. ಮನಿ ಗೆರಿ ಮ್ಯಾಲ ಅದ. ನಿಮ್ಮ ಮಾತು ಮೀರಿಲ್ರಿ ನಾ."

"ಎಲ್ಲಿ ಅದ ಗೆರಿ?"

"ನಿಮ್ಮ ಕಾಲ ಮುಂದ, ಹೊಸ್ತಿಲ ಬುಡಕ ಅದ ನೋಡ್ರಿ. ದಾಟಿ ಒಳಗ ಬರ್ರಿ, ಚಹಾ ಇಟ್ಟೀನಿ. ಕೆಡವೋದಿದ್ರ ಆ ಕಾಂಪ್ಲೆಕ್ಸಿನಿಂದ ಸುರು ಮಾಡ್ರಿ. ನಾ ಎಲ್ಲಿಗೂ ಹೋಗಂಗಿಲ್ಲ."

ಸಾಹೇಬರು ಹೊಸ್ತಿಲು ದಾಟಲಿಲ್ಲ. ತಿರುಗಿ ಇಳಿಯಬೇಕೆಂದರೆ ಓಣಿಯ ತುಂಬ ಬುಟ್ಟಿ ಹೊತ್ತ ಹೆಂಗಸರು. ಎಲ್ಲರಿಗಿಂತ ಮುಂದೆ ಆಮಿನಾ, ತಲೆಯ ಮೇಲೆ ಮುರುಮು.

"ಬಾಜೂ ಸರೀರಿ ಸಾಬ್," ಎಂದಳು, "ಎರಡನೇ ಕಿಲ್ಲಾ ಏಳಾಕತ್ತದ."