ಮೂಗು ತಗ್ಗಿಸಿದ ವಿಮಾನ

ಅಕ್ಕನ ಮಗಳ ಬಾಣಂತನ ಮುಗಿಸಿ ನಾನೂ ಅಕ್ಕನೂ ದೆಹಲಿಯಿಂದ ವಿಮಾನದಲ್ಲಿ ವಾಪಸ್ ಬರುತ್ತಿದ್ದೆವು. ಅಕ್ಕನ ಮನೆ ಅಬ್ಬಿಗೆರೆಯಲ್ಲಿ, ನನ್ನದು ಯಲಹಂಕದಲ್ಲಿ. ಊಟವಾಗಿತ್ತು. ಬೆಲ್ಟಿನ ದೀಪ ಆರಿತ್ತು. ಕಿಟಕಿಯಾಚೆ ಒಂದು ಮೋಡವೂ ಇರಲಿಲ್ಲ. "ಕಾಲು ಜೋಮು ಹಿಡ್ದಿದೆ ಕಣೇ, ಸ್ವಲ್ಪ ಓಡಾಡ್ಕೊಂಡು ಬರ್ತೀನಿ" ಎಂದು ಅಕ್ಕ ಎದ್ದಳು.

ಅವಳು ಹಿಂದಿರುಗುತ್ತಿದ್ದಾಗ ವಿಮಾನ ಮೆಲ್ಲಗೆ ಎಡಕ್ಕೆ ವಾಲಿತು. ತಾನೇ ಸರಿಹೋಯಿತು. ಮತ್ತೆ ವಾಲಿತು. ಯಾರೂ ಮೊಬೈಲಿನಿಂದ ತಲೆ ಎತ್ತಲಿಲ್ಲ. ಗಗನಸಖಿಯೊಬ್ಬಳು ಮಾತ್ರ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಪೈಲಟ್ಟುಗಳ ಬಾಗಿಲ ಕಡೆಗೇ ನೋಡುತ್ತಾ ನಿಂತಳು. ಆ ನೋಟ ಕಂಡು ನಾನು ಬೆಲ್ಟನ್ನು ಬಿಗಿಮಾಡಿಕೊಂಡೆ.

"ಅಕ್ಕಾ, ಬೇಗ ಬಾ" ಎನ್ನುವಷ್ಟರಲ್ಲಿ ವಿಮಾನದ ಮೂಗು ಕೆಳಗಾಯಿತು.

ಬೆಲ್ಟು ಹೊಟ್ಟೆಯನ್ನು ಕೊಯ್ಯುವಂತೆ ಬಿಗಿಯಿತು. ಅಕ್ಕನ ಕಾಲುಗಳು ನೆಲ ಬಿಟ್ಟಿದ್ದವು. ಮೇಲಿನ ಲಗೇಜ್ ಗೂಡಿಗೆ ಅವಳ ಭುಜ ಬಡಿಯಿತು. ವಿಮಾನ ಮತ್ತೆ ಮೂಗು ಮೇಲಕ್ಕೆತ್ತಿದಾಗ ಅವಳು ಸೀಟುಗಳ ನಡುವಿನ ದಾರಿಯಲ್ಲಿ ಕುಸಿದುಬಿದ್ದಳು. ಆಚೆ ಸೀಟಿನಲ್ಲಿದ್ದ ಹೆಂಗಸು, ಆರ್.ಟಿ. ನಗರದವರಂತೆ, ನಾನು ಬೆಲ್ಟು ಬಿಚ್ಚುವ ಮೊದಲೇ ಅವಳನ್ನು ತಬ್ಬಿ ತಮ್ಮ ಪಕ್ಕದ ಖಾಲಿ ಸೀಟಿಗೆ ಎಳೆದುಕೊಂಡರು. "ಅಮ್ಮಾ, ಕೈ ಅಲ್ಲಾಡಿಸ್ಬೇಡಿ" ಎನ್ನುತ್ತಾ ತಮ್ಮ ದುಪಟ್ಟಾ ತೆಗೆದು ತೋಳನ್ನು ಎದೆಗೆ ಕಟ್ಟಿದರು.

ಆಮೇಲೆ ಕ್ಯಾಪ್ಟನ್ ದನಿ ಕೇಳಿಸಿತು. ವಿಮಾನವನ್ನು ನಿಯಂತ್ರಿಸುವ ವ್ಯವಸ್ಥೆಯಲ್ಲಿ ದೋಷವಿದೆ, ಹೈದರಾಬಾದಿನಲ್ಲಿ ಇಳಿಯುತ್ತೇವೆ ಎಂದರು. ಮಾತು ಶಾಂತವಾಗಿತ್ತು. ಆದರೆ ಮಾತಿನ ನಡುನಡುವೆ ಅವರ ಉಸಿರು ಕೇಳಿಸುತ್ತಿತ್ತು.

"ಅಂದ್ರೆ ಸ್ಟೇರಿಂಗ್ ಕೆಟ್ಟೋಗಿದೆ ಅಂತಾನಾ?" ಎಂದು ಆ ಹೆಂಗಸು ಕೇಳಿದರು.

ಅಲ್ಲಿಂದ ಮುಂದೆ ವಿಮಾನ ಒಂದಿಷ್ಟು ವಾಲಿದರೂ ಸಾಲುಸಾಲಾಗಿ ಕೈಗಳು ಮುಂದಿನ ಸೀಟನ್ನು ಹಿಡಿಯುತ್ತಿದ್ದವು. ಎಂಜಿನ್ನಿನ ಸದ್ದು ಇಳಿದರೆ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಅಕ್ಕ ಈ ಕಡೆ ತಿರುಗಿ ಪಿಸುಗುಟ್ಟಿದಳು: "ಮಗಳಿಗೆ ಹೇಳ್ಬೇಡ ಕಣೇ. ಹೆದರ್ಕೊಂಡ್ರೆ ಅವ್ಳಿಗೆ ಹಾಲು ನಿಂತ್ಹೋಗತ್ತೆ."

ಹೇಳೋದಕ್ಕೆ ನಾವು ಉಳಿದರೆ ತಾನೆ ಎಂಬ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡು, "ಹೇಳಲ್ಲ" ಎಂದೆ.

ನೆಲ ಹತ್ತಿರ ಬರುತ್ತಿದ್ದರೂ ವಿಮಾನ ಒಂದು ಬದಿಗೆ ವಾಲಿಯೇ ಇತ್ತು. ಕೊನೆಯ ಗಳಿಗೆಯಲ್ಲಿ ಸರಿಯಾಯಿತು. ಚಕ್ರಗಳು ಧಡ್ ಎಂದು ನೆಲ ಮುಟ್ಟಿದವು. ಎರಡೂ ಕಡೆ ಅಗ್ನಿಶಾಮಕ ವಾಹನಗಳು ಓಡಿಬರುತ್ತಿದ್ದವು. ಆಗ ಯಾರೋ ಅಳತೊಡಗಿದರು.

ಅಕ್ಕನ ಭುಜದ ಮೂಳೆ ಮುರಿದಿತ್ತು. ಏನು ಕೆಟ್ಟಿತ್ತೆಂದು ವಿಮಾನದವರು ನಮಗೆ ಇವತ್ತಿಗೂ ಹೇಳಿಲ್ಲ. ಬೇರೆ ವಿಮಾನದಲ್ಲಿ ಕಳಿಸುತ್ತೇವೆಂದಾಗ ಅಕ್ಕ ಒಪ್ಪಲಿಲ್ಲ. ಆಸ್ಪತ್ರೆಗೂ ಜೊತೆಗೆ ಬಂದಿದ್ದ ಆ ಹೆಂಗಸು, "ನನಗೂ ಬೇಡಮ್ಮಾ" ಎಂದರು. ಮೂವರೂ ಯಶವಂತಪುರದ ರೈಲು ಹತ್ತಿದೆವು. ದಾರಿಯಲ್ಲಿ ಬೋಗಿ ಕುಲುಕಿದಾಗಲೆಲ್ಲ ಅಕ್ಕ ಬೆಚ್ಚಿ ಕಣ್ಣು ತೆರೆಯುತ್ತಿದ್ದಳು.

ಯಲಹಂಕ ಬಂದಾಗ ನಾನು ಇಳಿಯಬೇಕಿತ್ತು. ಅಕ್ಕ ನನ್ನ ಸೆರಗು ಹಿಡಿದುಕೊಂಡೇ ನಿದ್ದೆಹೋಗಿದ್ದಳು. ಬಿಡಿಸಿಕೊಳ್ಳಲಿಲ್ಲ. ಯಶವಂತಪುರದವರೆಗೂ ಹಾಗೇ ಕೂತಿದ್ದೆ.