ಒದ್ದೆ ಗೋಣಿ ಹೊದ್ದ ಶಿಲುಬೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ಮಶಾನದ ಕಬ್ಬಿಣದ ಗೇಟು ತಳ್ಳಿಕೊಂಡು ಒಳಬರುವ ಕಾವಲುಗಾರ್ತಿ ನೇರವಾಗಿ ನಡುವಿನ ಕಲ್ಲಿನ ಶಿಲುಬೆಯ ಹತ್ತಿರ ಹೋಗುತ್ತಾರೆ. ಮೆಟ್ಟಿಲ ಮೇಲೆ ಬಕೆಟ್ಟು ಇಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಕಲ್ಲಿನ ಸಂದಿಗೆ ಅಂಗೈ ಒತ್ತಿ ನೋಡುತ್ತಾರೆ. "ತಣ್ಣಗಿದೆ. ಸುಖವಾಗಿದೆ" ಎನ್ನುತ್ತಾರೆ.

ಯುದ್ಧಕ್ಕೆ ಹೋಗಿ ಹಿಂತಿರುಗದ ಊರಿನ ಹುಡುಗರ ಹೆಸರುಗಳು ಈ ಶಿಲುಬೆಯ ಬುಡದಲ್ಲಿವೆ. ಸಂರಕ್ಷಿತ ಸ್ಮಾರಕ ಎಂಬ ಫಲಕ ಬರುವ ಮೊದಲೇ ಸಂದಿಗಳು ಬಾಯಿ ಬಿಟ್ಟಿದ್ದವು. ಆಗ ಗಾರೆ ಕೆಲಸ ಮಾಡುವ ಕಾವಲುಗಾರ್ತಿಯ ಗಂಡ, ಗಟ್ಟಿಯಾಗಿರಲಿ ಎಂದು ಪ್ರೀತಿಯಿಂದಲೇ ಸಿಮೆಂಟು ತುಂಬಿದರು. ಕಲ್ಲಿಗಿಂತ ಸಿಮೆಂಟೇ ಗಟ್ಟಿಯಾಯಿತು. ಒಳಗೆ ಇಳಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಕಲ್ಲು ಹೊಪ್ಪಳೆ ಏಳತೊಡಗಿತು. ಇನ್ನೊಂದು ಮಳೆಗಾಲಕ್ಕೆ ಅಕ್ಷರಗಳು ಉದುರುವ ಹಾಗಿದ್ದರೆ ಶಿಲುಬೆಯನ್ನೇ ಬಿಚ್ಚಿ ಉಗ್ರಾಣಕ್ಕೆ ಒಯ್ಯುತ್ತೇವೆ ಎಂದಿತು ಪುರಾತತ್ವ ಇಲಾಖೆ.

ಭಾನುವಾರ ತಪ್ಪದೆ ಬರುವ ಒಬ್ಬ ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಅಣ್ಣನ ಹೆಸರನ್ನು ಬೆರಳಲ್ಲೇ ಓದುತ್ತಾರೆ. ಸುದ್ದಿ ಕೇಳಿ ಅವರು ಅಂದದ್ದು ಒಂದೇ ಮಾತು: "ಉಗ್ರಾಣದ ಬೀಗ ನನಗ್ಯಾರೇ ತೆಗೀತಾರೆ?"

ಆ ಮಾತು ಕಾವಲುಗಾರ್ತಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಇಲಾಖೆಯ ಎಂಜಿನಿಯರನ್ನು ಬಿಡದೆ ಕಾಡಿ ಒಪ್ಪಿಗೆ ಪಡೆದರು, ಅವರಿಂದಲೇ ಕೆಲಸ ಕಲಿತರು. ಯಂತ್ರ ತಾಗಿಸುವಂತಿಲ್ಲ. ಬೆರಳಗಲದ ಉಳಿಯಲ್ಲಿ ಸಿಮೆಂಟನ್ನು ಚೂರುಚೂರಾಗಿ ಎಬ್ಬಿಸಿ, ಆ ಜಾಗಕ್ಕೆ ತೇವವನ್ನು ಹೊರಬಿಡುವ ಸುಣ್ಣದ ಗಾರೆ ತುಂಬಬೇಕು. ಅದು ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಹಾಗಾಗಿ ಒದ್ದೆ ಗೋಣಿ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು.

"ಗಂಡ ಕಟ್ಟಿದ್ದನ್ನ ಕೀಳೋ ಭಾಗ್ಯ ಎಷ್ಟು ಹೆಂಡ್ತೀರಿಗೆ ಸಿಗುತ್ತೆ, ನೀವೇ ಹೇಳಿ" ಎಂದು ಅವರು ಏಣಿಯ ಮೇಲಿಂದ ಕಣ್ಣು ಮಿಟುಕಿಸುತ್ತಾರೆ.

"ಕೀಳು, ಕೀಳು. ಏಣಿ ಹಿಡ್ಕೊಂಡಿರೋನು ನಾನು, ಅದು ಜ್ಞಾಪಕ ಇರ್ಲಿ" ಎಂಬ ಗಂಡನ ಉತ್ತರ ಕೆಳಗಿನಿಂದ ಬರುತ್ತದೆ. "ಮಗಳ ಮದುವೆ ದಿನಾನೂ ಇವಳು ರೇಷ್ಮೆ ಸೀರೆ ಎತ್ತಿ ಕಟ್ಕೊಂಡು ಇಲ್ಲಿಗೆ ಬಂದು ನೀರು ಹಾಕಿದ್ಲು. ಬಕೆಟ್ಟು ಹಿಡ್ಕೊಂಡು ಓಡಿದ್ದು ನೋಡಿ, ಮನೇಲಿ ನೀರಿಲ್ವೇನೋ ಅಂದ್ಕೊಂಡು ಬೀಗರು ಬಾವಿ ಎಲ್ಲಿದೆ ಅಂತ ಕೇಳ್ತಿದ್ರು."

ಈ ಸಲದ ಮಳೆ ಸುಮ್ಮನೆ ಹೋಗಲಿಲ್ಲ. ಗೋಡೆಯ ಪಕ್ಕದ ಹಳೆಯ ಮರವನ್ನು ಬುಡಸಮೇತ ಕೆಡವಿತು. ಮಳೆ ಹಿಂದೆಗೆದ ಮೇಲೆ ಬಂದ ಎಂಜಿನಿಯರ್ ಶಿಲುಬೆ ನೆಟ್ಟಗಿದೆಯೇ ಎಂದು ನೋಡಲು ಅದರ ನೆತ್ತಿಯಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟರು. ದಾರದ ಪಕ್ಕ ಕಲ್ಲು ಕೂದಲೆಳೆಯಷ್ಟೂ ವಾಲಿರಲಿಲ್ಲ. ಸಂದಿಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಕೈ ಒರೆಸಿಕೊಂಡು, "ಇದು ಎಲ್ಲಿಗೂ ಹೋಗಲ್ಲಮ್ಮ, ಇಲ್ಲೇ ಇರುತ್ತೆ" ಎಂದರು. ಗಂಡ ಏಣಿ ಬಿಟ್ಟು ಚಪ್ಪಾಳೆ ತಟ್ಟಿದರು. ಹೆಂಡತಿ ಇನ್ನೂ ಏಣಿಯ ಮೇಲೆಯೇ ಇದ್ದರು. ಅದಕ್ಕೆ ಬೈಗುಳವೂ ಸಿಕ್ಕಿತು.

ಇಂದು ಭಾನುವಾರ. ಅಜ್ಜಿಯ ಬೆರಳು ಕಲ್ಲಿನ ಮೇಲೆ ಮೆಲ್ಲಗೆ ತೆವಳಿ ಒಂದು ಕಡೆ ನಿಲ್ಲುತ್ತದೆ. "ಇದ್ದಾನೆ ಕಣೇ."

ಕಾವಲುಗಾರ್ತಿ ಖಾಲಿ ಬಕೆಟ್ಟು ಎತ್ತಿಕೊಳ್ಳುತ್ತಾರೆ. "ಹುಡುಗರನ್ನಂತೂ ಊರಿಗೆ ವಾಪಸ್ ಕರ್ಕೊಂಡು ಬರೋಕೆ ಯಾರ ಕೈಲೂ ಆಗ್ಲಿಲ್ಲ. ಹೆಸರು ಊರು ಬಿಡದ ಹಾಗೆ ನೋಡ್ಕೊಂಡ್ವಿ."