ಮಾಧವರಂನಲ್ಲಿ ಮೂಗಿನ ಪರೀಕ್ಷೆ

ಚೆನ್ನೈ ಸೆಂಟ್ರಲ್‌ನಲ್ಲಿ ರೈಲಿನಿಂದ ಇಳಿದಾಗ ಮಳೆ ಹನಿಯುತ್ತಿತ್ತು ಎಂದು ನನ್ನ ನೆನಪು ಹೇಳುತ್ತದೆ. ಮೇ ತಿಂಗಳ ಆ ಊರಿನಲ್ಲಿ ಬೆಳಗಿನ ಮಳೆ ಎಲ್ಲಿಂದ ಬರಬೇಕು? ಬಹುಶಃ ಅದು ನನ್ನದೇ ಬೆವರು. ಮದ್ರಾಸ್ ಎಂಬ ಹೆಸರು ಹೋಗಿ ನಾಲ್ಕೈದು ವರ್ಷವಾಗಿತ್ತು. ಧಾರವಾಡದ ನಮ್ಮ ಮನೆಯವರು ಮಾತ್ರ ಮದ್ರಾಸಿಗೆಂದೇ ನನ್ನನ್ನು ಕಳಿಸಿದ್ದರು.

ಕನ್ನಡ ನಡೆಯದ ಊರಿಗೆ ನಾನು ಹೋದದ್ದು ಅದೇ ಮೊದಲು. ನಮ್ಮ ಹಾಲು ಒಕ್ಕೂಟ ನನ್ನನ್ನು ಮಾಧವರಂನ ಡೈರಿಯೊಂದಕ್ಕೆ ತರಬೇತಿಗೆ ಕಳಿಸಿತ್ತು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಅಲ್ಲಿ ಕಲಿಯಬೇಕಾದದ್ದು ಕ್ಯಾನಿನ ಮುಚ್ಚಳ ತೆಗೆದು ಹಾಲು ಮೂಸುವುದನ್ನು. ಹಳ್ಳಿಗಳಿಂದ ಬರುವ ಕ್ಯಾನುಗಳನ್ನೆಲ್ಲ ಪ್ರಯೋಗಾಲಯಕ್ಕೆ ಒಯ್ಯುತ್ತ ಕೂತರೆ ಬಿಸಿಲಿಗೆ ಒಳ್ಳೆಯ ಹಾಲೂ ಕೆಡುತ್ತದೆ. ಮುಚ್ಚಳ ತೆಗೆದಾಗ ಬರುವ ಮೊದಲ ವಾಸನೆಯಲ್ಲೇ ತೀರ್ಮಾನವಾಗಬೇಕು: ತೊಟ್ಟಿಗೆ, ಇಲ್ಲವೇ ವಾಪಸ್. ಕೊನೆಯ ಪರೀಕ್ಷೆಯಲ್ಲಿ ಪಾಸಾದರೆ ನನ್ನ ಕೆಲಸ ಕಾಯಂ, ಇಲ್ಲವಾದರೆ ಜೂನ್‌ಗೆ ಗುತ್ತಿಗೆ ಮುಗಿದು ಮನೆಗೆ. ಮೂಗಿನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಆದರೂ ಪಾಸಾಗದೆ ಮರಳಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಸ್ಟೇಷನ್ನಿನಿಂದ ಮಾಧವರಂಗೆ ಹತ್ತು ಹನ್ನೆರಡು ಕಿಲೋಮೀಟರ್. ಆಟೋದವನು ನೂರೈವತ್ತು ಕೇಳಿದ, ನಾನು ಸಿಟಿ ಬಸ್ಸು ಹತ್ತಿದೆ. ಡೈರಿಯಲ್ಲಿ ನಮಗೆ ಕಲಿಸುತ್ತಿದ್ದವರು ಕಮಲಾ ಮೇಡಂ. ಐವತ್ತು ದಾಟಿದ, ಹೂ ಮುಡಿಯದ, ಪೌಡರ್ ಹಚ್ಚದ ಹೆಂಗಸು. ಮೊದಲ ದಿನವೇ ನಿಯಮ ಹೇಳಿಬಿಟ್ಟರು.

“ನೋ ಕಾಫಿ. ಆನಿಯನ್, ಗಾರ್ಲಿಕ್, ಮಿಳಗಾಯ್ ಕಿಡೆಯಾದು. ವಾಸನೆ ಸೋಪ್ ಕೂಡ ವೇಂಡಾಂ. ಉಂಗ ಮೂಕ್ಕುದಾನ್ ಉಂಗ ಮೆಷಿನ್.”

ಮೆಣಸಿನಕಾಯಿಯೂ ಇಲ್ಲ, ವಾಸನೆ ಸೋಪೂ ಬೇಡ, ನಿಮ್ಮ ಮೂಗೇ ನಿಮ್ಮ ಯಂತ್ರ ಎಂದರ್ಥ. ಸಂಶಯ ಬಂದರೆ ಲ್ಯಾಬಿಗೆ ಕಳಿಸಬಹುದೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. “ಒಂದು ಸಲ ಕಳಿಸಿ. ಎರಡನೇ ಸಲ ಕಳಿಸಿದರೆ ಫೇಲ್” ಎಂದರು.

ಹೀಗಾಗಿ ಮೆಸ್ಸಿನ ಬಾಳೆ ಎಲೆಯ ಊಟವನ್ನು ಬಾಯಿಗಿಂತ ಹೆಚ್ಚಾಗಿ ಕಣ್ಣಿನಿಂದ ಉಂಡೆ. ಮೊದಲು ಸಾಂಬಾರು, ಆಮೇಲೆ ಹುಣಸೆ ಗೊಜ್ಜಿನಂತೆ ಕಪ್ಪಗೆ ಹೊಳೆಯುವ ವತ್ತಕುಳಂಬು, ಆಮೇಲೆ ರಸಂ, ಕೊನೆಗೆ ಮೊಸರು. ಆ ಕ್ರಮ ಯಾರೂ ತಪ್ಪಿಸುತ್ತಿರಲಿಲ್ಲ. ನೀರಿನ ಲೋಟಕ್ಕೆ ತುಟಿ ತಾಗಿಸುವಂತಿಲ್ಲ, ಮೇಲಿನಿಂದ ಸುರಿದುಕೊಳ್ಳಬೇಕು. ನನ್ನ ಪಾಲಿಗೆ ಸಪ್ಪೆ ಬೇಳೆ, ಅನ್ನ, ಮೊಸರು. ಹಸಿಮೆಣಸಿನಕಾಯಿ ಕಚ್ಚದೆ ರೊಟ್ಟಿ ಮುರಿಯದವನಿಗೆ ಅದು ಸಣ್ಣ ಶಿಕ್ಷೆಯಲ್ಲ.

ಅಭ್ಯಾಸದ ದಿನಗಳಲ್ಲಿ ಹುಳಿ, ಕಮಟು, ಹೊಗೆ ಎಲ್ಲವನ್ನೂ ಗುರುತಿಸಿದೆ. ಎಡವಿದ್ದು ಕೆಡದ ಹಾಲಿನಲ್ಲಿ. ಏನೂ ವಾಸನೆ ಬರದಿದ್ದರೆ ನನ್ನ ಮೂಗೇ ತಪ್ಪಿರಬೇಕೆಂದು ಮತ್ತೆ ಮೂಸಿ ಏನಾದರೊಂದು ದೋಷ ಹೇಳಿಬಿಡುತ್ತಿದ್ದೆ. “ನಲ್ಲ ಪಾಲ್ ಮೇಲೆ ಎನ್ನ ಸಾರ್ ಕೋಪಂ?” ಎಂದು ಮೇಡಂ ಎಲ್ಲರೆದುರು ಕೇಳಿದರು. ಒಳ್ಳೆಯ ಹಾಲಿನ ಮೇಲೆ ಏಕೆ ಸಿಟ್ಟು ಎಂದು.

ಪರೀಕ್ಷೆಯ ಹಿಂದಿನ ಸಂಜೆ, ಭಾನುವಾರ, ನುಂಗಂಬಾಕ್ಕಂನಲ್ಲಿದ್ದ ಚಿಗವ್ವನ ಮನೆಗೆ ಹೋದೆ. ಅವಳ ಗಂಡ, ನಮ್ಮ ಕಾಕಾ, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಕಾಲೇಜಿಗೆ ಹೋಗುವ ಮಗಳು ವಿದ್ಯಾಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಊಟದ ನಿಯಮವನ್ನು ಮೊದಲೇ ಫೋನಿನಲ್ಲಿ ಹೇಳಿದ್ದೆ.

“ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಖಾರ ಇಲ್ಲ. ಜ್ವರಾ ಬಂದವ್ರ ಊಟಾ ಏನಪಾ ಇದು?” ಎಂದರು ಕಾಕಾ.

“ಅಪ್ಪಾ, ಅಣ್ಣಾವೆ ಕಿಂಡಲ್ ಪಣ್ಣಾದೀಂಗ” ಎಂದಳು ವಿದ್ಯಾ, ಅಣ್ಣನನ್ನು ಗೇಲಿ ಮಾಡಬೇಡಿ ಎಂದು.

ಚಿಗವ್ವ ಪಕ್ಕದ ಮನೆಯ ಮಾಮಿಯನ್ನು ಕೇಳಿ ಇಡೀ ಅಡುಗೆ ಮಾಡಿದ್ದಳು: ಬಾಳೆಕಾಯಿ ಪಲ್ಯ, ಸುವರ್ಣಗಡ್ಡೆ, ಹೆಸರುಬೇಳೆ. ನೋಡಲು ಬಂದ ಮಾಮಿ ಎಲೆಯ ಮೇಲಿದ್ದದ್ದನ್ನು ಕಂಡು, ಹಿರಿಯರ ತಿಥಿಗೆ ಇದೇ ಅಡುಗೆ, ಯಾರದು ಇವತ್ತು ಎಂದು ಮೆಲ್ಲಗೆ ಕೇಳಿದರು. “ನಾಳೆ ಇವನ ಪರೀಕ್ಷಾ ಐತಿ, ಇವನ್ದ ಅಂತ ತಿಳ್ಕೋರಿ” ಎಂದರು ಕಾಕಾ. ಮಾಮಿಗೆ ಕನ್ನಡ ಬಾರದಿದ್ದುದು ಒಳ್ಳೆಯದಾಯಿತು.

“ಖಾರಿಲ್ಲದ ರಸಂ ಸಪ್ಪಗಾಕ್ಕೇತಿ ಅಂತ ಪೆರುಂಗಾಯಂ ಸ್ವಲ್ಪ ಜಾಸ್ತೀನ ಹಾಕೇನಿ” ಎಂದಳು ಚಿಗವ್ವ. “ಇಂಗಿಗೆ ನಿಮ್ಮ ಮೇಡಂ ಏನೂ ಅಂದಿಲ್ಲಲ್ಲ?”

ಅಂದಿರಲಿಲ್ಲ. ಎಷ್ಟೋ ದಿನಗಳ ಮೇಲೆ ನಾಲಿಗೆಗೆ ಏನೋ ಸಿಕ್ಕಿತ್ತು.

“ಇಲ್ಲೀ ರೀತಿ ಕಲಿ. ಅಂಗೈ ಬಟ್ಟಲಾ ಮಾಡು” ಎಂದು ಕಾಕಾ ತೋರಿಸಿಕೊಟ್ಟರು. ಅಂಗೈಯಲ್ಲಿ ರಸಂ ಹಾಕಿಸಿಕೊಂಡು ಕುಡಿದೆ. ಅದು ಮೊಣಕೈವರೆಗೆ ಇಳಿಯಿತು, ಎಲ್ಲರೂ ನಕ್ಕರು, ನಾನು ಇನ್ನೆರಡು ಸಲ ಹಾಕಿಸಿಕೊಂಡೆ. ವಿದ್ಯಾ ಸಾಬೂನು ಕೊಟ್ಟಾಗ ನಿಯಮದಂತೆ ಬೇಡವೆಂದು ಬರೀ ನೀರಿನಲ್ಲಿ ಕೈ ತೊಳೆದೆ.

ಮರುದಿನ ಬೆಳಿಗ್ಗೆ ಡೈರಿಯ ಕಟ್ಟೆಗೆ ಮೊದಲ ಲಾರಿ ಬಂತು. ಕ್ಯಾನು ಇಳಿಸುವ ಶೇಖರ್ ಒಂದನ್ನು ನನ್ನ ಮುಂದೆ ಉರುಳಿಸಿ ನಿಲ್ಲಿಸಿದ. ಮೇಡಂ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಮುಚ್ಚಳ ತೆಗೆದು ಬಗ್ಗಿದೆ. ಒಗ್ಗದ ವಾಸನೆಯೊಂದು ಮೂಗಿಗೆ ಹೊಡೆಯಿತು. ವಾಪಸ್ ಎಂದೆ. ಎರಡನೆಯದಕ್ಕೂ ಅದೇ ವಾಸನೆ, ಮೂರನೆಯದಕ್ಕೂ ಅದೇ.

“ಮೂಣು ಊರು ಪಾಲುಂ ಒರೇ ನಾಳ್ಲ ಕೆಟ್ಟುಪೋಚ್ಚಾ ಸಾರ್?” ಎಂದು ಶೇಖರ್ ನಕ್ಕ. ಮೂರು ಊರಿನ ಹಾಲು ಒಂದೇ ದಿನ ಕೆಟ್ಟಿತೆ ಎಂಬ ಕೊಂಕು.

ಮೂರಕ್ಕೂ ಒಂದೇ ದೋಷವಿದ್ದರೆ ಅದು ಹಾಲಿನದಾಗಿರಲಾರದು. ಮೂರರ ಮುಚ್ಚಳವನ್ನೂ ತೆಗೆದವನು ನಾನೊಬ್ಬನೇ. ಬಲಗೈ ಮೂಸಿ ನೋಡಿದೆ. ಇಂಗು.

ಎಡಗೈಯನ್ನು ಮುಚ್ಚಳಕ್ಕೆ ಚಾಚಿದೆ. ಶೇಖರ್ ಅಡ್ಡ ಹಿಡಿದ. “ಪಾಲ್ಲ ಇಡದು ಕೈಯಾ ಸಾರ್? ಮೊದಲ್ ಲೋಡು.” ನಗು ಅವನ ಮುಖದಿಂದ ಹೋಗಿತ್ತು. ದಿನದ ಮೊದಲ ಹಾಲಿಗೆ ಎಡಗೈ ಸೋಕಿಸುವುದು ಧಾರವಾಡದಲ್ಲೂ ಯಾರೂ ಸಹಿಸುವ ಮಾತಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

“ನೀಂಗಳೇ ತೊರಂಗ” ಎಂದೆ. ನೀವೇ ತೆಗೆಯಿರಿ ಎನ್ನುವಷ್ಟು ತಮಿಳು ಅಷ್ಟರಲ್ಲಿ ಬಂದಿತ್ತು. “ಮೇಡಂ, ಮೊದಲನೆಯದನ್ನೂ ಮತ್ತೆ ನೋಡಬೇಕು. ವಾಸನೆ ನನ್ನ ಕೈಯದು.”

“ಲ್ಯಾಬಿಗಾ?”

“ಇಲ್ಲ, ಮೂಗಿಗೆ.”

ಶೇಖರ್ ಮೊದಲನೆಯ ಕ್ಯಾನಿನ ಮುಚ್ಚಳ ತೆಗೆದ. ಬಗ್ಗಿದೆ. ತಣ್ಣನೆಯ ಹಾಲು, ಅಷ್ಟೆ. ಇನ್ನೊಮ್ಮೆ ಮೂಸಬೇಕೆಂಬ ಚಪಲವಾಯಿತು. ತಡೆದುಕೊಂಡು “ಊತ್ತು” ಎಂದೆ, ಸುರಿ ಎಂದು. ಹಾಲು ತೊಟ್ಟಿಗೆ ಬಿತ್ತು. ಉಳಿದೆರಡನ್ನೂ ಹಾಗೆಯೇ ಸುರಿಸಿದೆ. ಮುಂದೆ ಒಂದು ಕ್ಯಾನು ನಿಜವಾಗಿಯೂ ಹುಳಿಯಾಗಿತ್ತು. ವಾಪಸ್ ಎಂದಾಗ ಶೇಖರ್ ವಾದಿಸಲಿಲ್ಲ.

ಲಾರಿ ಖಾಲಿಯಾದ ಮೇಲೆ ಮೇಡಂ “ಪಾಸ್” ಎಂದಷ್ಟೇ ಹೇಳಿ ಒಳಗೆ ನಡೆದರು.

ಮಧ್ಯಾಹ್ನ ಸೆಂಟ್ರಲ್‌ನತ್ತ ಹೊರಟ ಬಸ್ಸಿನಲ್ಲಿ ಕಿಟಕಿಯ ಬಳಿ ಕೂತಿದ್ದೆ. ಡೈರಿಯ ಗೇಟಿನಿಂದ ಪ್ಯಾಕೆಟ್ ಹಾಲಿನ ವ್ಯಾನೊಂದು ಹೊರಬಂದು ಸ್ವಲ್ಪ ದೂರ ನಮ್ಮ ಜೊತೆಗೇ ಸಾಗಿತು. ನಾನು ಒಪ್ಪಿದ ಹಾಲು ಅದರಲ್ಲಿತ್ತೋ ಇಲ್ಲವೋ ಹೇಳಲಾರೆ. ಸಂಜೆ ಯಾವುದೋ ಮನೆಯ ಒಲೆಯ ಮೇಲೆ ಅದು ಒಡೆದರೆ ಹೊಣೆ ನನ್ನದೇ. ಸಿಗ್ನಲ್ಲಿನಲ್ಲಿ ವ್ಯಾನು ಎಡಕ್ಕೆ ತಿರುಗಿತು. ಕಾಣುವಷ್ಟು ದೂರ ನೋಡಿದೆ.